ತೆರೆಮರೆಯ ವಾದ್ಯಗಳು: ಮೂರೂವರೆ ನಂಬರ್ ಊದಿದರೆ ಬರೀ ಗಾಳಿ!



‘ಸನಾದಿ ಅಪ್ಪಣ್ಣ’ ನೋಡದ ಕನ್ನಡಿಗ ಯಾರಿದ್ದಾರೆ ಹೇಳಿ! 1977ರ ಚಿತ್ರ. ತೆರೆಯ ಮೇಲೆ ಅಣ್ಣಾವ್ರ ಕೆನ್ನೆ ಉಬ್ಬುತ್ತದೆ, ಬೆರಳು ಓಡುತ್ತವೆ. ನಾದ ಮಾತ್ರ ಉಸ್ತಾದ್ ಬಿಸ್ಮಿಲ್ಲಾ ಖಾನರದ್ದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಉಸಿರು ನಾದ ಆಗೋದಕ್ಕೆ ನಡುವೆ ಬೆರಳ ತುದಿಯಷ್ಟು ಒಂದು ಹುಲ್ಲಿನ ಚೂರು ಇದೆಯಲ್ಲ, ಅದಕ್ಕೆ ಯಾವ ಅಭಿಮಾನಿ ಹಾರ ಹಾಕಿದ್ದಾನೆ? ನಮ್ಮ ದೇವಸ್ಥಾನದ ಉತ್ಸವಗಳಲ್ಲಿ ನಾದಸ್ವರದವರನ್ನು ಗಮನಿಸಿ ನೋಡಿ. ವಾದ್ಯದ ಕತ್ತಿಗೆ ಸೀವಾಳಿಗಳ ಒಂದು ಗೊಂಚಲೇ ನೇತಾಡುತ್ತಿರುತ್ತದೆ. ಅದು ಅಲಂಕಾರ ಅಂದುಕೊಂಡಿರಾ? ಇವತ್ತು ಯಾವುದು ಮಾತಾಡುತ್ತೆ, ಯಾವುದು ಮುನಿಸಿಕೊಳ್ಳುತ್ತೆ ಅನ್ನೋದು ಊದುವವರೆಗೂ ಗೊತ್ತಾಗೋದಿಲ್ಲ. ಅದಕ್ಕೇ ಅಷ್ಟೊಂದು.

ಈ ವಾರ ಅದೇ ಜಾತಿಯ ಸಂಕಟ, ಆದರೆ ಕ್ಲಾರಿಯೊನೆಟ್‌ನದ್ದು. ಜೆ.ಪಿ. ನಗರದ ಓದುಗ ಮಿತ್ರರೊಬ್ಬರು ಮೂರು ಪುಟ ಬರೆದಿದ್ದಾರೆ. ಹಗಲು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ, ಸಂಜೆ ಆರ್ಕೆಸ್ಟ್ರಾ. ನವೆಂಬರ್ ಬಂತೆಂದರೆ ಜಯನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಅಂತ ಬಡಾವಣೆಗೊಂದು ರಾಜ್ಯೋತ್ಸವ, ಅಲ್ಲೆಲ್ಲ ಹಳೆಯ ಹಾಡುಗಳಿಗೇ ಚಪ್ಪಾಳೆ. ಸೆಕೆಂಡ್‌ಹ್ಯಾಂಡ್ ಕ್ಲಾರಿಯೊನೆಟ್ ಕೊಂಡರು. ಗೆಳೆಯನೊಬ್ಬನ ಮಾತು ಕೇಳಿ ಫ್ರಾನ್ಸಿನ ವ್ಯಾಂಡೊರೆನ್ ಕಂಪನಿಯ ಬಿ45 ಮೌತ್‌ಪೀಸು ಹಾಕಿಸಿದರು. “ದೊಡ್ಡವರೆಲ್ಲ ದೊಡ್ಡ ನಂಬರ್ರೇ ಊದೋದು ಮಗಾ” ಅಂತ ಅದೇ ಗೆಳೆಯ ಹೇಳಿದ್ದಕ್ಕೆ ಮೂರೂವರೆ ನಂಬರಿನ ರೀಡಿನ ಪೆಟ್ಟಿಗೆಯನ್ನೂ ತಂದರು. ಈಗ ಹತ್ತು ನಿಮಿಷ ಊದಿದರೆ ದವಡೆ ನೋವು. ಕೆಳಗಿನ ಸ್ವರದಲ್ಲಿ ಬರೀ ಗಾಳಿ, ಮೇಲಿನ ಸ್ವರದಲ್ಲಿ ಕೀಚು ದನಿ. ಆರ್ಕೆಸ್ಟ್ರಾ ಯಜಮಾನರು ನಕ್ಕು, “ಕೀಬೋರ್ಡಿನಲ್ಲಿ ಕ್ಲಾರಿಯೊನೆಟ್ ಒತ್ತಿದರೆ ಬರುತ್ತಪ್ಪಾ, ನೀನು ಮೈಕ್ ಸ್ಟಾಂಡ್ ಹಿಡ್ಕೋ” ಅಂದರಂತೆ. ಪತ್ರದ ಕೊನೆಯ ಸಾಲು ಓದಿ ಕರುಳು ಚುರ್ ಅಂತು: “ಸಾರ್, ನನ್ನ ಎದೆಯಲ್ಲಿ ದಮ್ಮಿಲ್ಲವೇ? ವಾದ್ಯ ಮಾರಿಬಿಡಲೇ?”

ಮಾರಬೇಡಿ ತಮ್ಮಾ! ದಮ್ಮಿನ ಮಾತು ಆಮೇಲೆ. ಮೊದಲು ನೀವು ಕಟ್ಟಿರೋ ಜೋಡಿ ನೋಡೋಣ.

ಮೌತ್‌ಪೀಸನ್ನು ಪಕ್ಕಕ್ಕೆ ತಿರುಗಿಸಿ ರೀಡಿನ ಜೊತೆ ಬೆಳಕಿಗೆ ಹಿಡಿಯಿರಿ. ಕೆಳಭಾಗದಲ್ಲಿ ರೀಡು ಮೌತ್‌ಪೀಸಿಗೆ ಅಂಟಿಕೊಂಡಂತೆ ಕೂತಿರುತ್ತದೆ. ಮೇಲೆ ಹೋದ ಹಾಗೆ ಮೌತ್‌ಪೀಸು ನಿಧಾನವಾಗಿ ಹಿಂದಕ್ಕೆ ಬಾಗುತ್ತದೆ, ತುದಿಯಲ್ಲಿ ಒಂದು ಸಂದು ಬೀಳುತ್ತದೆ. ಆ ಬಾಗಿನ ಉದ್ದಕ್ಕೆ ಫೇಸಿಂಗ್ ಅಂತಾರೆ, ತುದಿಯ ಸಂದಿಗೆ ಟಿಪ್ ಓಪನಿಂಗ್. ನೀವು ಊದಿದಾಗ ರೀಡು ಬಾಗಿ ಆ ಸಂದನ್ನು ಮುಚ್ಚಬೇಕು, ಮತ್ತೆ ತೆರೆಯಬೇಕು. ಸಿನಿಮಾ ರೀಲು ಸೆಕೆಂಡಿಗೆ 24 ಫ್ರೇಮು ಓಡುತ್ತೆ ಅಂತ ನಿಮಗೆ ಗೊತ್ತಲ್ಲ? ಸಾಮಾನ್ಯ ಬಿ-ಫ್ಲಾಟ್ ಕ್ಲಾರಿಯೊನೆಟ್‌ನ ಅತಿ ಕೆಳಗಿನ ಸ್ವರಕ್ಕೇ ರೀಡು ಸೆಕೆಂಡಿಗೆ ಸುಮಾರು 147 ಸಲ ಬಡಿಯಬೇಕು. ಮೇಲಕ್ಕೆ ಹೋದ ಹಾಗೆ ನೂರುಗಳು ಏರುತ್ತಲೇ ಹೋಗುತ್ತವೆ. ರೀಡಿನ ತುದಿ ಎಷ್ಟು ದಪ್ಪ ಅಂತೀರಿ? ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು!

ಈಗ ಲೆಕ್ಕ. ಬಿ45ರ ತುದಿ ಸಂದು 1.195 ಮಿಲಿಮೀಟರ್. ಅದೇ ಕಂಪನಿಯ 5ಆರ್‌ವಿ ಮೌತ್‌ಪೀಸಿನದು 1.065. ಯಮಾಹಾದ ಕಲಿಕೆ ವಾದ್ಯಗಳ ಜೊತೆ ಬರುವ 4ಸಿ ಮೌತ್‌ಪೀಸಿನದು 1.05. ವ್ಯತ್ಯಾಸ ಕೂದಲೆಳೆಯಷ್ಟು ಅಂತ ನಗಬೇಡಿ, ನಿಮ್ಮ ದವಡೆ ನೋಯ್ತಾ ಇರೋದು ಆ ಕೂದಲೆಳೆಗೇ. ಸಂದು ದೊಡ್ಡದಾದರೆ ರೀಡು ಹೆಚ್ಚು ದೂರ ಬಾಗಬೇಕು, ಆದ್ದರಿಂದ ಮೆತ್ತಗಿನ ರೀಡು ಬೇಕು. ಸಂದು ಕಿರಿದಾದರೆ ಮೆತ್ತಗಿನ ರೀಡು ಬೇಗ ಮುಚ್ಚಿಕೊಂಡು ಉಸಿರು ಕಟ್ಟುತ್ತೆ, ಆದ್ದರಿಂದ ಗಟ್ಟಿಯದ್ದು ಬೇಕು. ಫೇಸಿಂಗ್ ಉದ್ದವಾಗಿದ್ದರೆ ಬಾಗು ಹಂಚಿಹೋಗುತ್ತೆ, ಸ್ವಲ್ಪ ಗಟ್ಟಿ ರೀಡನ್ನೂ ಸಂಭಾಳಿಸಬಹುದು. ಇಷ್ಟೇ ಗುಟ್ಟು. ಸ್ಪೇರ್ ಪಾರ್ಟ್ಸ್ ಅಂಗಡಿಯ ನಿಮಗೆ ಬೇರೆ ಹೇಳಬೇಕೇ? ಪ್ಲಗ್ಗಿನ ಗ್ಯಾಪು ನೋಡದೆ ಗಾಡಿಗೆ ಕಿಕ್ ಹೊಡೆಯುತ್ತಾ ಕೂತರೆ ಕಾಲು ನೋಯುತ್ತೆ, ತಪ್ಪು ಕಾಲಿನದ್ದಲ್ಲ! (ಅಂಗಡಿಯ ಫೀಲರ್ ಗೇಜನ್ನು ಮೌತ್‌ಪೀಸಿಗೆ ತೂರಿಸಬೇಡಿ ಮತ್ತೆ, ತುದಿಗೆ ಗೀರು ಬಿದ್ದರೆ ಮುಗಿಯಿತು. ಫೇಸಿಂಗ್ ನೋಡಲೇಬೇಕೆಂದರೆ ತೆಳು ಕಾಗದದ ಚೂರು ಜಾರಿಸಿ, ಎಲ್ಲಿ ನಿಲ್ಲುತ್ತೋ ಅಲ್ಲಿವರೆಗೆ ಬಾಗು.)

ಬಿ45ರ ಮೇಲೆ ಮೂರೂವರೆ ಊದುವ ಘಟಾನುಘಟಿಗಳು ಇಲ್ಲವೆಂದಲ್ಲ. ಇದ್ದಾರೆ. ಅವರ ತುಟಿ ವರ್ಷಗಟ್ಟಲೆ ಪಳಗಿದ್ದು. ಹೊಸಬರು ಅಲ್ಲಿ ಎರಡೂವರೆಯಿಂದ ಶುರು ಮಾಡಬೇಕು. ನಂಬರಿನ ಬಗ್ಗೆ ನಮ್ಮ ಹುಡುಗರಿಗೆ ಒಂದು ಗೀಳಿದೆ, ನೋಡಿ. ಅಖಾಡದಲ್ಲಿ ಕಲ್ಲು ಎತ್ತಿದ ಹಾಗೆ, ದೊಡ್ಡ ನಂಬರ್ ಅಂದರೆ ದೊಡ್ಡ ಗಂಡಸು! ನನಗಂತೂ ಇದು ಶುದ್ಧ ಹುಚ್ಚು ಅನ್ನಿಸುತ್ತೆ. ರೀಡಿನ ನಂಬರು ದಪ್ಪದ್ದೂ ಅಲ್ಲ. ಒಂದೇ ಮಾದರಿಯ ರೀಡುಗಳನ್ನೆಲ್ಲ ಒಂದೇ ಅಳತೆಗೆ ಕೆತ್ತಿ, ಆಮೇಲೆ ಬಾಗಿಸಿ ನೋಡಿ, ಬಾಗುವುದು ಎಷ್ಟು ಕಷ್ಟ ಅನ್ನುವುದರ ಮೇಲೆ ನಂಬರು ಹಾಕುತ್ತಾರೆ. ದಂಟು ಹೇಗೆ ಬೆಳೆದಿತ್ತೋ ಹಾಗೆ. ಆ ದಂಟು ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯದ್ದಾದರೆ ಹೆಚ್ಚು ಮರ್ಯಾದೆ. ಬೆಳೆದದ್ದು ಹುಲ್ಲು ತಾನೇ, ಅದಕ್ಕೇ ಒಂದೇ ಪೆಟ್ಟಿಗೆಯ ಹತ್ತು ರೀಡು ಹತ್ತು ಥರ ಇರುತ್ತವೆ.

ಇನ್ನೊಂದು ಮೋಸ (ಮೋಸ ಅನ್ನೋದಕ್ಕಿಂತ ಗೋಜಲು ಅನ್ನಿ) ಏನೆಂದರೆ ಒಂದು ಕಂಪನಿಯ ಮೂರು ಇನ್ನೊಂದು ಕಂಪನಿಯ ಮೂರಲ್ಲ. ಕಿತ್ತಳೆ ಪೆಟ್ಟಿಗೆಯ ರೀಕೋ ಊದಿ ಅಭ್ಯಾಸವಿದ್ದವರು ವ್ಯಾಂಡೊರೆನ್‌ಗೆ ಬಂದರೆ ಸುಮಾರಾಗಿ ಅರ್ಧ ನಂಬರು ಇಳಿಯಬೇಕಾಗುತ್ತದೆ. “ನಾನು ಮೂರು ಊದ್ತಿದ್ದೆ ಸಾರ್” ಅನ್ನುವವರನ್ನು ಮೊದಲು ಕೇಳಬೇಕಾದ್ದು, “ಯಾವ ಪೆಟ್ಟಿಗೇದಪ್ಪಾ?” ಅಂತ.

ರೀಡು ಗಟ್ಟಿಯೋ ಮೆತ್ತಗೋ ಅಂತ ಕಂಡುಹಿಡಿಯೋದು ಹೇಗೆ? ವಾದ್ಯವೇ ಹೇಳುತ್ತೆ. ನಾದದ ಜೊತೆ ಹಿಸ್ಸ್ ಅನ್ನುವ ಗಾಳಿ, ಮೆಲ್ಲಗೆ ಊದಲು ಹೋದರೆ ದನಿಯೇ ನಿಂತುಹೋಗುವುದು, ಕಚ್ಚಿ ಹಿಡಿದು ಕೆಳತುಟಿಯಲ್ಲಿ ಹಲ್ಲಿನ ಗುರುತು... ಇದು ಗಟ್ಟಿ ರೀಡು. ಊದಿದ ಕೂಡಲೇ ಸಲೀಸಾಗಿ ದನಿ ಬರುತ್ತೆ, ಆದರೆ ದುಂಬಿ ಗುಂಯ್‌ಗುಟ್ಟಿದ ಹಾಗೆ ತೆಳ್ಳಗೆ. ಮೇಲಿನ ಸ್ವರಗಳು ಶ್ರುತಿಗಿಂತ ಕೆಳಗೆ ಜೋಲುತ್ತವೆ. ಜೋರಾಗಿ ಊದಿದರೆ ಬಾಗಿಲು ಹಾಕಿದ ಹಾಗೆ ಮುಚ್ಚಿಕೊಳ್ಳುತ್ತೆ... ಇದು ಮೆತ್ತಗಿನದು. ಹಾರ್ಮೋನಿಯಂ ಪಕ್ಕದಲ್ಲಿ ಇಟ್ಟುಕೊಂಡು ಕೆಳಗಿನ ಒಂದು ಸ್ವರ, ಮೇಲಿನ ಒಂದು ಸ್ವರ, ಎರಡನ್ನೂ ಸಣ್ಣ ದನಿಯಲ್ಲಿ ಊದಿ ನೋಡಿ. ಎರಡೂ ಬಂದರೆ ಜೋಡಿ ಕೂಡಿತು.

ಆದರೆ ದುಡ್ಡು ಬಿಚ್ಚುವ ಮುಂಚೆ ಒಂದು ಪರೀಕ್ಷೆ. ಮೌತ್‌ಪೀಸಿಗೆ ರೀಡು ಕಟ್ಟಿ, ಕೆಳಗಿನ ತೂತನ್ನು ಅಂಗೈಯಿಂದ ಮುಚ್ಚಿ, ಬಾಯಿಂದ ಗಾಳಿ ಹೀರಿ ತೆಗೆಯಿರಿ. ರೀಡು ಅಂಟಿಕೊಂಡು ಒಂದು ಕ್ಷಣ ಇದ್ದು ಆಮೇಲೆ ಪಟ್ ಅನ್ನಬೇಕು. ಅನ್ನದಿದ್ದರೆ ರೀಡಿನ ತಳ ಸೊಟ್ಟಗಾಗಿದೆ, ಇಲ್ಲವೇ ಮೌತ್‌ಪೀಸಿನ ಮುಖ ಸವೆದಿದೆ. ಆಗ ನಂಬರು ಬದಲಾಯಿಸಿ ಪ್ರಯೋಜನ ಇಲ್ಲ. ನಮ್ಮ ಬೆಂಗಳೂರಿನ ಫೆಬ್ರವರಿ, ಮಾರ್ಚ್ ಒಣ ಹವೆಯಲ್ಲಿ ರೀಡಿನ ತುದಿ ಹಪ್ಪಳದ ಹಾಗೆ ಅಲೆಯಲೆಯಾಗುತ್ತೆ. ಮಂಗಳೂರಿನ ತೇವದಲ್ಲಿ ತೆಪ್ಪಗಿದ್ದ ರೀಡು ಇಲ್ಲಿ ಬಂದು ರಂಪ ಮಾಡಬಹುದು. ಒಂದೆರಡು ನಿಮಿಷ ನೀರಿನಲ್ಲಿ ನೆನೆಸಿ, ಗಾಜಿನ ಮೇಲೆ ಚಪ್ಪಟೆ ಒತ್ತಿದರೆ ಬಹಳಷ್ಟು ಸಲ ದಾರಿಗೆ ಬರುತ್ತೆ.

ಕಟ್ಟುವುದರಲ್ಲೂ ಕಸರತ್ತಿದೆ. ರೀಡಿನ ತುದಿಯೂ ಮೌತ್‌ಪೀಸಿನ ತುದಿಯೂ ಸರಿಸಮ ಇರಲಿ. ಕೂದಲಷ್ಟು ಮೇಲೆ ಸರಿಸಿದರೆ ರೀಡು ಗಟ್ಟಿ ಅನ್ನಿಸುತ್ತೆ, ಕೂದಲಷ್ಟು ಕೆಳಗೆ ಇಳಿಸಿದರೆ ಮೆತ್ತಗೆ. ವೇದಿಕೆಯ ಮೇಲೆ ಬೇರೆ ರೀಡು ಇಲ್ಲದಾಗ ಈ ಕೂದಲೇ ಮಾನ ಉಳಿಸೋದು.

ನಮ್ಮ ಸಂಗೀತಕ್ಕೆ ಒಂದು ಮಾತು ಪ್ರತ್ಯೇಕ ಹೇಳಬೇಕು. ಪಾಶ್ಚಾತ್ಯ ಪುಸ್ತಕ ನೋಡಿ ನಂಬರು ಆರಿಸುವವರು ಒಂದನ್ನು ಮರೆಯುತ್ತಾರೆ: ನಮ್ಮಲ್ಲಿ ಸ್ವರ ನಿಂತಲ್ಲಿ ನಿಲ್ಲೋದಿಲ್ಲ, ಜಾರಬೇಕು. ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತವನ್ನು, ನಮ್ಮ ರಾಯಚೂರಿನ ನರಸಿಂಹಲು ವಡವಾಟಿ ಹಿಂದೂಸ್ತಾನಿಯನ್ನು ಇದೇ ಕ್ಲಾರಿಯೊನೆಟ್‌ನಲ್ಲಿ ಹಾಡಿಸಿದವರು. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮನಸೋತ ಸ್ಯಾಕ್ಸೋಫೋನೂ ಒಂಟಿ ರೀಡಿನದ್ದೇ. ಗಮಕಕ್ಕೆ ತುಟಿಯಿಂದ ಸ್ವರ ಬಾಗಿಸಬೇಕಾದಾಗ ಮೆತ್ತಗಿನ ರೀಡು ಮಾತು ಕೇಳುತ್ತೆ, ಗಟ್ಟಿಯದು ಹಟ ಮಾಡುತ್ತೆ. ಹಳೆಯ ಚಿತ್ರಗೀತೆ ನುಡಿಸುವವನಿಗೂ ಇದೇ ಲೆಕ್ಕ.

ಆದ್ದರಿಂದ ಜೆ.ಪಿ. ನಗರದ ತಮ್ಮಾ, ಮೌತ್‌ಪೀಸು ಇರಲಿ, ಅದೇನೂ ಕೆಟ್ಟದ್ದಲ್ಲ. ಪೂರ್ತಿ ಪೆಟ್ಟಿಗೆ ಕೊಳ್ಳದೆ ಎರಡೂವರೆಯ ಎರಡು ರೀಡು ಬಿಡಿಯಾಗಿ ತನ್ನಿ. ಎರಡನ್ನೂ ದಿನಕ್ಕೆ ಹತ್ತೇ ನಿಮಿಷ ಊದಿ ಒಂದು ವಾರ ಪಳಗಿಸಿ. ತೀರಾ ಜೋಲಿದರೆ ಮೂರಕ್ಕೆ ಹೋಗಿ, ಆದರೆ ಮೌತ್‌ಪೀಸನ್ನೂ ರೀಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯೋದೇ ಇಲ್ಲ. ಮೂರೂವರೆಯ ಪೆಟ್ಟಿಗೆಯನ್ನು ಆ ಗೆಳೆಯನಿಗೇ ಅರ್ಧ ಬೆಲೆಗೆ ದಾಟಿಸಿ!

ಬಿ.ಟಿ.ಎಂ. ಲೇಔಟಿನಿಂದ ಇನ್ನೊಬ್ಬರು ಕೇಳಿದ್ದಾರೆ: ಪ್ಲಾಸ್ಟಿಕ್ ರೀಡು ಆಗುತ್ತಾ? ಆಗುತ್ತೆ. ಕೆನಡಾದ ಲೆಜೇರ್ ಕಂಪನಿಯ ಕೃತಕ ರೀಡುಗಳಲ್ಲಿ ಕಾಲು ನಂಬರಿನ ಮೆಟ್ಟಿಲೂ ಇದೆ, ಎರಡೂಕಾಲು, ಎರಡೂಮುಕ್ಕಾಲು ಹೀಗೆ. ನೆನೆಸುವ ಗೋಜಿಲ್ಲ, ಒಣ ಹವೆಗೆ ಸೊಟ್ಟಗಾಗೋದಿಲ್ಲ. ಒಂದೇ ಒಂದಕ್ಕೆ ದಂಟಿನ ರೀಡುಗಳ ಒಂದು ಪೆಟ್ಟಿಗೆಯ ಹತ್ತಿರ ಹತ್ತಿರ ಬೆಲೆ, ಅದೂ ನಂಬರು ತಪ್ಪಿದರೆ ಅಷ್ಟೂ ನೀರುಪಾಲು. ಮೊದಲು ದಂಟಿನ ರೀಡಿನಲ್ಲಿ ನಿಮ್ಮ ನಂಬರು ಗೊತ್ತು ಮಾಡಿಕೊಂಡು ಆಮೇಲೆ ಅದರ ತಂಟೆಗೆ ಹೋಗಿ.