ಡಬ್ಬ ಬದಲಾಯಿಸಿ, ದನಿ ಬದಲಾಯಿಸಬೇಡಿ

ಕಳೆದ ತಿಂಗಳು ಕಲ್ಯಾಣ್‌ನ ಒಂದು ಅಂಗಡಿಗೆ ಹಳೆಯ ಡಿವಿಡಿ ಕೊಟ್ಟು ಬಂದೆ. 2005ರಲ್ಲಿ ಡೊಂಬಿವಲಿಯಲ್ಲಿ ನಮ್ಮವರೇ ಸೇರಿ ಮಾಡಿದ ತಾಳಮದ್ದಳೆ, ದೊಡ್ಡಪ್ಪನ ಕರ್ಣ. ಅವರು ಈಗಿಲ್ಲ. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಎರಡು ದಿನದಲ್ಲಿ ಪೆನ್‌ಡ್ರೈವ್ ಕೈಗೆ ಬಂತು, ಚಿತ್ರವೂ ಚೆನ್ನಾಗಿಯೇ ಇತ್ತು. ದೊಡ್ಡಮ್ಮ ಎರಡು ನಿಮಿಷ ಕೇಳಿ, "ಇದು ಇವರ ಸ್ವರ ಅಲ್ಲ ಮಾರಾಯ, ಬಾವಿಯೊಳಗೆ ಕೂತು ಮಾತಾಡಿದ ಹಾಗುಂಟು" ಎಂದರು.

ಐರೋಲಿಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೂ ಇದು ಹೊಳೆದಿರಲಿಲ್ಲ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಎರಡನ್ನೂ ತೆರೆದೆ. ಡಿವಿಡಿಯ ಧ್ವನಿ ಎಸಿ-3, ಸ್ಟೀರಿಯೊ, ಸೆಕೆಂಡಿಗೆ 256 ಕಿಲೋಬಿಟ್. ಅಂಗಡಿಯ ಫೈಲಿನದ್ದು ಎಎಸಿ, ಮೊನೊ, 48 ಕಿಲೋಬಿಟ್! ಅಂಗಡಿಯವನನ್ನು ಬೈದು ಫಲವಿಲ್ಲ. ಮದುವೆ ವಿಡಿಯೊ ತರುವವರೆಲ್ಲ ಕೇಳುವುದು ಚಿತ್ರ ಹೇಗಿದೆ ಎಂದು ಮಾತ್ರ.

ಎಂಪಿ4, ಎಂಕೆವಿ ಎನ್ನುವುದೆಲ್ಲ ಬರೀ ಡಬ್ಬಗಳು. ಒಳಗಿನ ಚಿತ್ರ, ಧ್ವನಿ ಬೇರೆ ಬೇರೆ ಸರಕು. ಡಬ್ಬ ಬದಲಾಯಿಸಲು ಧ್ವನಿಯನ್ನು ಮತ್ತೆ ಕುಗ್ಗಿಸಲೇಬೇಕೆಂದಿಲ್ಲ. ಎಸಿ-3 ಮೊದಲೇ ಒಮ್ಮೆ ಕುಗ್ಗಿದ ಧ್ವನಿ. ಅದನ್ನು ಎಎಸಿಗೋ ಎಂಪಿ3ಗೋ ಇಳಿಸಿದರೆ ಮತ್ತಷ್ಟು ಹೋಗುತ್ತದೆ. ಆಮೇಲೆ 320 ಕಿಲೋಬಿಟ್‌ಗೆ ಏರಿಸಿದರೂ ಫೈಲು ದೊಡ್ಡದಾದೀತು, ಹೋದದ್ದು ಬಾರದು. ಮೊದಲು ಪೆಟ್ಟು ಬೀಳುವುದು ಚೆಂಡೆಗೆ. ಚೂಪಾದ ಹೊಡೆತದ ಮೊದಲೇ ಒಂದು ಮಸುಕು ಸದ್ದು ಮೆತ್ತಿಕೊಳ್ಳುತ್ತದೆ. ಯಕ್ಷಗಾನದ ಆಟದಲ್ಲಾದರೆ ವೇಷ, ಕುಣಿತ ಇದೆ. ತಾಳಮದ್ದಳೆಯಲ್ಲಿ ಭಾಗವತರ ಪದ, ಅರ್ಥಧಾರಿಯ ಮಾತು ಬಿಟ್ಟರೆ ನೋಡಲು ಏನಿದೆ?

ಕೊನೆಗೆ ನಾನೇ ಕೂತೆ. ಮೇಕ್‌ಎಂಕೆವಿಯಲ್ಲಿ ಡಿವಿಡಿಯನ್ನು ಇದ್ದ ಹಾಗೆಯೇ ಎಂಕೆವಿಗೆ ತೆಗೆದುಕೊಂಡೆ. ಚಿತ್ರವನ್ನು ಚಿಕ್ಕದು ಮಾಡಬೇಕಿದ್ದರೂ ಹ್ಯಾಂಡ್‌ಬ್ರೇಕ್‌ನಲ್ಲಿ ಧ್ವನಿಗೆ 'ಪಾಸ್‌ಥ್ರೂ' ಆರಿಸಿದರೆ ಸಾಕು, ಅದನ್ನು ಮುಟ್ಟುವುದಿಲ್ಲ. ಎಫ್‌ಎಫ್‌ಎಂಪೆಗ್ ಬಳಸುವವರಿಗೆ 'ಕಾಪಿ' ಇದ್ದೇ ಇದೆ. ಕೆಲವು ಟಿವಿಗಳು ಎಸಿ-3 ನುಡಿಸುವುದಿಲ್ಲ ಎಂಬುದೊಂದು ತೊಡಕು. ಅದಕ್ಕೆ ಬೇರೊಂದು ಎಎಸಿ ಪ್ರತಿ ಮಾಡಿಕೊಳ್ಳಿ, ಮೂಲವನ್ನು ಅಳಿಸಬೇಡಿ.

ಠಾಣೆಯಿಂದ ನವಿ ಮುಂಬಯಿವರೆಗೆ ನಮ್ಮವರ ಕಪಾಟುಗಳಲ್ಲಿ, ಸಂಘಗಳ ಬೀರುಗಳಲ್ಲಿ ಇಂಥ ಡಿವಿಡಿ, ಮಿನಿಡಿವಿ ಟೇಪುಗಳು ಇರಬಹುದು. ಮಿನಿಡಿವಿ ಸಿಕ್ಕಿದರೆ ಅದೃಷ್ಟ. ಅದರ ಧ್ವನಿ ಕುಗ್ಗಿಸದ್ದು. ಅಂಗಡಿಗೆ ಕೊಡುವಾಗ "ಆಡಿಯೊ ಕನ್ವರ್ಟ್ ಮಾಡಬೇಡಿ" ಎಂದು ಚೀಟಿಯಲ್ಲಿ ಬರೆಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. 'ನಾಯ್ಸ್ ತೆಗೆದುಕೊಡುತ್ತೇವೆ' ಎಂದರೂ ಒಪ್ಪಬೇಡಿ, ಕನಿಷ್ಠ ಮೂಲಪ್ರತಿಯಲ್ಲಿ.

ಹೊಸ ಫೈಲು ಹಾಕಿದಾಗ ದೊಡ್ಡಮ್ಮ ಏನೂ ಹೇಳಲಿಲ್ಲ. ಮಾತಿನ ನಡುವೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ ಕಡೆ ನಿಲ್ಲಿಸಲು ಹೇಳಿ, ಅಲ್ಲಿಂದಲೇ ಇನ್ನೊಮ್ಮೆ ಹಾಕಿಸಿಕೊಂಡರು.