ಜಗಲಿಯ ಮಾತು: ಕೊನೆಯಿಲ್ಲದ ಆಟ

ಮೊನ್ನೆ ಭಾನುವಾರ ಮಾರೇಡುಪಲ್ಲಿಯ ನಮ್ಮ ಮನೆಯ ಜಗಲಿಯ ಮೇಲೆ ಒಂದು ಪಂಚಾಯಿತಿ ಸೇರಿತ್ತು. ಮೊಮ್ಮಗ ವಾದಿ, ಮೊಮ್ಮಗಳು ಪ್ರತಿವಾದಿ, ನ್ಯಾಯಾಧೀಶನು ನಾನು. ವ್ಯಾಜ್ಯವೆಲ್ಲ 'ಮ್ಯಾಜಿಕ್' ಎಂಬ ಎಲೆಯಾಟದ್ದು. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞರು ರಚಿಸಿದ ಈ ಆಟ ಹೊರಬಂದದ್ದು 1993ರಲ್ಲಿ. ಇಸ್ಪೀಟಿನಂತೆ ಐವತ್ತೆರಡೇ ಎಲೆಗಳಲ್ಲ, ಸಾವಿರಾರು ಬಗೆ; ಒಂದೊಂದರ ಮೇಲೂ ಅದರದೇ ಕಾಯಿದೆ ಅಚ್ಚಾಗಿರುತ್ತದೆ. ಆಡುವವರಿಗೆ ತಲಾ 20 ಪ್ರಾಣ. ಅದು ಸೊನ್ನೆಗಿಳಿದವರು ಸೋತಂತೆ.

ಹುಡುಗ 'ಪೆಸ್ಟರ್‌ಮೈಟ್' ಎಂಬ ಕಿನ್ನರಿಯನ್ನು ಮೊದಲೇ ಇಳಿಸಿದ್ದ. ತನ್ನ ಸರದಿ ಬಂದಾಗ ಅದರ ಮೇಲೆ 'ಸ್ಪ್ಲಿಂಟರ್ ಟ್ವಿನ್' ಹಾಕಿದ. ಇನ್ನು ಆ ಎಲೆಯನ್ನು ಅಡ್ಡ ತಿರುಗಿಸಿದರೆ ಕಿನ್ನರಿಯ ಪಡಿಯಚ್ಚೊಂದು ಹುಟ್ಟುತ್ತದೆ. ಅದು ಹುಟ್ಟಿದೊಡನೆ ಮೊದಲಿನ ಎಲೆಯನ್ನು ನೆಟ್ಟಗೆ ಮಾಡಬಹುದು. ಮತ್ತೆ ಅಡ್ಡ, ಮತ್ತೊಂದು ಕಿನ್ನರಿ! ರಕ್ತಬೀಜಾಸುರನ ಕಥೆಯೇ ಸರಿ.

"ಅನಂತ! ನೀನು ಸೋತೆ!" ಎಂದು ಹುಡುಗ ಕುಣಿದ. ಹುಡುಗಿ ಎಲೆಗಳನ್ನು ಚೆಲ್ಲಿ, ಅಳುತ್ತ ನನ್ನ ಬಳಿ ಬಂದಳು.

ನಿಯಮಾವಳಿಯನ್ನು ಓದಿಸಿ ಕೇಳಿದೆ. 'ಅನಂತ' ಎಂದರೆ ಅಲ್ಲಿ ನಡೆಯದು; ಎಷ್ಟು ಸಲವೆಂದು ಸಂಖ್ಯೆ ಹೇಳಬೇಕು. ಒಂದು ಕಿನ್ನರಿಯ ಹೊಡೆತಕ್ಕೆ 2 ಪ್ರಾಣ. 20ಕ್ಕೆ ಹತ್ತೇ ಸಾಕಲ್ಲ! ಯಾರಿಂದಲೂ ನಿಲ್ಲಿಸಲಾಗದೆ ತಾನೇ ತಾನಾಗಿ ಸುತ್ತುವ ಆಟವಾದರೆ ಇಬ್ಬರೂ ಸಮ.

ಇನ್ನೊಂದು ಮುಖ್ಯ ಮಾತು. ಎಲೆ ಹಾಕಿದ ಕ್ಷಣವೇ ಅದು ಫಲಿಸುವುದಿಲ್ಲ. ಎದುರಾಳಿಗೆ ಉತ್ತರ ಕೊಡಲು ಅವಕಾಶವುಂಟು. ಅಡುಗೆಮನೆಯಲ್ಲಿ ಒಂದರ ಮೇಲೊಂದು ಪೇರಿಸಿದ ತಟ್ಟೆಗಳಂತೆ, ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ. ಎಂದರೆ, ಉತ್ತರದ ಎಲೆ ಮೊದಲು ಫಲಿಸುತ್ತದೆ.

ಚೆಲ್ಲಿದ ಎಲೆಗಳನ್ನು ಎತ್ತಿ ನೋಡಿದರೆ, ಹುಡುಗಿಯ ಕೈಯಲ್ಲಿ 'ಲೈಟ್ನಿಂಗ್ ಬೋಲ್ಟ್' ಎಂಬ ಸಿಡಿಲಿತ್ತು! ಅದನ್ನು ಹಾಕಲು ಬೇಕಾದ ಶಕ್ತಿಯೂ ಉಳಿದಿತ್ತು. ಟ್ವಿನ್ ಫಲಿಸುವ ಮೊದಲೇ ಕಿನ್ನರಿಯ ಮೇಲೆ ಸಿಡಿಲು ಹಾಕಿದ್ದರೆ ಕಿನ್ನರಿ ಸಾಯುತ್ತಿತ್ತು. ಕೂರಲು ನೆಲೆಯಿಲ್ಲದೆ ಟ್ವಿನ್ನೂ ವ್ಯರ್ಥವಾಗುತ್ತಿತ್ತು. ಅನಂತವೆಂಬ ಮಾತಿಗೇ ಹೆದರಿ ಮಗು ಸೋಲೊಪ್ಪಿಕೊಂಡಿತ್ತು.

"ನೀನು ಅವಳಿಗೆ ಹೊತ್ತು ಕೊಡಲಿಲ್ಲ, ನೀನು ಕೇಳಿ ಪಡೆಯಲಿಲ್ಲ. ತಪ್ಪು ಇಬ್ಬರದೂ. ಟ್ವಿನ್ ಹಾಕಿದಲ್ಲಿಂದ ಆಟ ಮತ್ತೆ ನಡೆಯಲಿ" ಎಂದು ತೀರ್ಪಿತ್ತೆ.

ಈಗ ಹುಡುಗ ಪ್ರತಿ ಎಲೆ ಹಾಕಿದಾಗಲೂ, "ಏನಾದರೂ ಉಂಟೇನೇ?" ಎಂದು ಕೇಳುತ್ತಾನೆ. ಕೈಯಲ್ಲಿ ಏನೂ ಇಲ್ಲದಿದ್ದರೂ ತಂಗಿ, "ತಾಳೋ ಅಣ್ಣ, ಯೋಚಿಸುತ್ತಿದ್ದೇನೆ" ಎನ್ನುತ್ತಾಳೆ!