ವಾರದ ಕಂತು, ವರ್ಷದ ಕೊಬ್ಬರಿ

ಕಡೂರಿನ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿದ ಮಾತ್ರಕ್ಕೆ ಅದು ಹಣವಾಗುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಲು ಎಂಟು ಹತ್ತು ತಿಂಗಳುಗಳಾದರೂ ಬೇಕು. ಆದರೆ ಆ ಕಾಯಿ ಕೊಳ್ಳಲೆಂದು ತಂದ ಸಾಲದ ಮೊದಲ ಕಂತು ಮುಂದಿನ ತಿಂಗಳೇ, ಕೆಲವೊಮ್ಮೆ ಮುಂದಿನ ವಾರವೇ, ಬಾಗಿಲಿಗೆ ಬಂದು ನಿಲ್ಲುತ್ತದೆ. ಕಿರುಸಾಲದ ಕಷ್ಟವೆಲ್ಲ ಈ ಅಂತರದಲ್ಲಿದೆ.

ಗುಣವನ್ನು ಮೊದಲು ಹೇಳುವುದೇ ನ್ಯಾಯ. ಅಡವಿಡಲು ಒಡವೆಯಿಲ್ಲದ ಹೆಂಗಸಿಗೆ ಬ್ಯಾಂಕಿನ ಮೆಟ್ಟಿಲು ಬಹುಕಾಲ ಎತ್ತರವಾಗಿಯೇ ಇದ್ದಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದುದು ರೈತನನ್ನು ಲೇವಾದೇವಿಯ ಹಿಡಿತದಿಂದ ಬಿಡಿಸಲೆಂದೇ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸಿದಾಗ ಆ ಆಶಯ ಹೆಂಗಸರನ್ನೂ ಮುಟ್ಟಿತು. ಅನಂತರ ಬಂದ ಕಂಪನಿಗಳು ಪರಸ್ಪರ ಹೊಣೆಯ ಮೇಲೆ ಮನೆಬಾಗಿಲಿಗೇ ಹಣ ತಂದವು.

ತರೀಕೆರೆಯ ಸಂತೆಯಲ್ಲಿ ತರಕಾರಿ ಮಾರುವಾಕೆಗೆ ಇದು ವರವೇ ಸರಿ. ಬೆಳಗ್ಗೆ ಹೂಡಿದ ಬಂಡವಾಳ ಸಂಜೆಗೆ ಸೆರಗಿನ ಗಂಟಿಗೆ ಮರಳುತ್ತದೆ. ಅಜ್ಜಂಪುರದ ಕಡೆ ಹಸು ಕೊಂಡವಳ ಪಾಡು ಬೇರೆ. ಕರೆಯುವಷ್ಟು ಕಾಲ ಹಾಲೇ ಕಂತು ಕಟ್ಟುತ್ತದೆ. ಬಳಿಕ ಹಸು ಬತ್ತುತ್ತದೆ, ಕಂತು ಬತ್ತುವುದಿಲ್ಲ.

ನೂರಕ್ಕೆ 24ರ ವಾರ್ಷಿಕ ಬಡ್ಡಿಗೆ 50,000 ರೂಪಾಯಿ ತಂದು ಎರಡು ವರ್ಷದಲ್ಲಿ ತೀರಿಸುವುದಾದರೆ, ತಿಂಗಳಿಗೆ ಸುಮಾರು 2,644 ರೂಪಾಯಿ. ಒಟ್ಟು 63,450ರ ಹತ್ತಿರ. ಸಂಬಳದ ಗೃಹಸ್ಥನಿಗೆ ಒಂದನೆಯ ತಾರೀಖು ಎಂಬುದೊಂದುಂಟು. ಕೊಬ್ಬರಿಯ ವ್ಯಾಪಾರಕ್ಕೆ ಆ ತಾರೀಖು ಎಲ್ಲಿಯದು? ಕಾಯಿ ಒಣಗುವ ಮುನ್ನವೇ ಮಾರಬೇಕು, ಇಲ್ಲವೇ ಎರಡನೆಯ ಸಾಲದಿಂದ ಮೊದಲನೆಯದನ್ನು ತೀರಿಸಬೇಕು. ಆಗ ಸಾಲ ಬೆಳೆಯುತ್ತದೆ, ಅಂಗಡಿ ಬೆಳೆಯುವುದಿಲ್ಲ. ಒಬ್ಬಳು ತಪ್ಪಿದರೆ ಹೊಣೆ ನಿಂತ ನೆರೆಯವರೇ ತೆರಬೇಕು. ಹಣದೊಡನೆ ನೆರೆಹೊರೆಯೂ ಹೋಗುತ್ತದೆ.

ಹೈದರಾಬಾದಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದ ಅರ್ಥಶಾಸ್ತ್ರಜ್ಞರು ಕಂಡುಕೊಂಡುದೂ ಇದಕ್ಕೆ ಸಮೀಪದ್ದೇ: ಮೊದಲೇ ವ್ಯಾಪಾರವಿದ್ದವರು ಅದನ್ನು ಹಿಗ್ಗಿಸಿಕೊಂಡರು, ಆದರೆ ಸಾಲ ದೊರೆತ ಮಾತ್ರಕ್ಕೆ ಬಡಕುಟುಂಬಗಳ ಜೀವನಮಟ್ಟ ಗಮನಾರ್ಹವಾಗಿ ಏರಲಿಲ್ಲ.

ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಕಾನೂನು ಬಾಗಿಲು ಬಡಿಯುವ ಕೈಯನ್ನು ಹಿಡಿಯಬಲ್ಲುದು. ಕೊಬ್ಬರಿಯನ್ನು ಬೇಗ ಒಣಗಿಸಲಾರದು. ಅದಕ್ಕೆ ಮದ್ದು ರಿಸರ್ವ್ ಬ್ಯಾಂಕಿನ 2022ರ ನಿಯಮಗಳಲ್ಲಿದೆ: ಕುಟುಂಬದ ಸಾಲದ ಕಂತುಗಳೆಲ್ಲ ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು, ಕಂತಿನ ಅವಧಿಯನ್ನು ಸಾಲಗಾರರ ಅಗತ್ಯಕ್ಕೆ ಹೊಂದಿಸಲು ಅವಕಾಶವಿರಬೇಕು. ಸಹಿ ಹಾಕುವ ಮುನ್ನ ಕೇಳಬೇಕಾದ ಮಾತು ಇದು. ಎಷ್ಟು ಸಾಲ ಸಿಕ್ಕೀತು ಎಂಬುದಕ್ಕಿಂತ, ಸರಕು ಹಣವಾಗುವವರೆಗೆ ಕಂತು ಕಾದೀತೇ ಎಂಬುದು ಮುಖ್ಯ.